ಯಾರದೋ ಹೆಸರು, ಯಾರದೋ ವಿಳಾಸ

15 ಅಕ್ಟೋಬರ್ 2024, ಮಂಗಳವಾರ

ಬೆಳಗಿನಿಂದ ಬಿಡದ ಮಳೆ. ಮೈಸೂರಿನಿಂದ ಹನ್ನೊಂದಕ್ಕೆ ಬರಬೇಕಿದ್ದವರು ನಮ್ಮ ವಕೀಲಿ ಕಚೇರಿ ತಲುಪಿದಾಗ ಎರಡು ಗಂಟೆ ದಾಟಿತ್ತು. ಅಗರಬತ್ತಿ ಮಾಡುವ ಮನೆತನ. ಅಜ್ಜ ಕಟ್ಟಿದ ಸಂಸ್ಥೆಯನ್ನು ಈಗ ಮೊಮ್ಮಗಳು ನೋಡಿಕೊಳ್ಳುತ್ತಾರೆ. ದಸರೆಯ ಗದ್ದಲ ಮುಗಿದ ಮಾರನೆಯ ದಿನ ಹಿರಿಯೂರು ಕಡೆಯ ಒಬ್ಬರು ಕಾರ್ಖಾನೆಯ ಗೇಟಿಗೆ ಬಂದು, ‘ನನ್ನ ಮಾಲು ಯಾವತ್ತು ಕಳಿಸ್ತೀರಿ?’ ಎಂದು ಕೇಳಿದರಂತೆ. ಕೈಯಲ್ಲಿ ನೇಮಕಪತ್ರ. ಅದರಲ್ಲಿ ಸಂಸ್ಥೆಯ ಲಾಂಛನ, ಮೊಹರು, ಅಜ್ಜನ ಫೋಟೊ ಎಲ್ಲ ಇವೆ. ಅವರನ್ನು ಇಡೀ ಜಿಲ್ಲೆಗೆ ವಿತರಕರನ್ನಾಗಿ ನೇಮಿಸಲಾಗಿದೆ ಎಂದು ಬರೆದಿದೆ. ಮೊದಲು ನೋಂದಣಿ ಶುಲ್ಕ, ಆಮೇಲೆ ಠೇವಣಿ, ಕೊನೆಗೆ ಸಾಗಣೆ ವಿಮೆ ಎಂದು ಒಟ್ಟು 1,85,000 ರೂಪಾಯಿ ಕಟ್ಟಿದ್ದಾರೆ. ಸಂಸ್ಥೆಗೆ ಅದರಲ್ಲಿ ಒಂದು ಪೈಸೆಯೂ ಬಂದಿಲ್ಲ. ಇಂಥ ಪತ್ರ ಹೊರಟಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಹುಡುಕಿದರೆ ಎರಡು ವಿಳಾಸ ಸಿಕ್ಕವು. ಒಂದು, ಸಂಸ್ಥೆಯ ಹೆಸರಿಗೆ ‘ಡೀಲರ್‌ಶಿಪ್’ ಎಂದು ಅಂಟಿಸಿದ ಡಾಟ್ ಕಾಂ. ಇನ್ನೊಂದು, ಬರೀ ಸಂಸ್ಥೆಯ ಹೆಸರಿರುವ ಡಾಟ್ ಇನ್. ಡಾಟ್ ಕಾಂನಲ್ಲಿ ಅವರದೇ ಜಾಲತಾಣದಿಂದ ಎತ್ತಿದ ಚಿತ್ರಗಳು, ಕೆಳಗೆ ಒಂದು ಅರ್ಜಿ ನಮೂನೆ. ಡಾಟ್ ಇನ್ ತೆರೆದರೆ ಖಾಲಿ ಪುಟ.

ಮೊಮ್ಮಗಳು ಹೆಚ್ಚು ಮಾತಾಡಲಿಲ್ಲ. ಹೊರಡುವಾಗ, ‘ಆ ಮನುಷ್ಯ ನಮ್ಮನ್ನೇ ಕಳ್ಳರು ಅಂದುಕೊಂಡು ಹೋದರು’ ಎಂದರು.

17 ಅಕ್ಟೋಬರ್, ಗುರುವಾರ

ಸಾಕ್ಷ್ಯ ಕೂಡಿಸುವ ಕೆಲಸ. ಕಿರಿಯ ಸಹೋದ್ಯೋಗಿಗೆ ಹೇಳಿದ್ದು ಇಷ್ಟೇ: ಮೊದಲು ಪ್ರತಿ ಪುಟವನ್ನೂ ದಿನಾಂಕ ಸಮೇತ ತೆಗೆದಿಡು, ಆಮೇಲೆ ಉಳಿದದ್ದು. ನೋಟಿಸ್ ಕೈಸೇರಿದ ಗಳಿಗೆಯಲ್ಲೇ ಇಂಥ ಪುಟಗಳು ಮಾಯವಾಗುತ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಡಾಟ್ ಕಾಂನ ಹಳೆಯ ಪುಟ ಸಿಕ್ಕಿತು, ಸಮಾಧಾನವಾಯಿತು.

ನೋಂದಾಯಿಸಿಕೊಂಡವರು ಯಾರೆಂದು ನೋಡಲು ಹೋದರೆ ಮಾಮೂಲಿ ಪರದೆ. 2018ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ದತ್ತಾಂಶ ಕಾಯಿದೆ ಜಾರಿಗೆ ಬಂದ ಮೇಲೆ ‘ಹೂಈಸ್’ ದಾಖಲೆಯಲ್ಲಿ ಹೆಸರು, ವಿಳಾಸ, ಫೋನ್ ಕಾಣಿಸುವುದು ಬಹುಮಟ್ಟಿಗೆ ನಿಂತಿದೆ. ಸಾಮಾನ್ಯ ಜನರ ಖಾಸಗಿತನಕ್ಕೆ ಅದು ಬೇಕಾದದ್ದೇ, ಅದರ ವಿರುದ್ಧ ನನ್ನ ತಕರಾರಿಲ್ಲ. ಆದರೆ ಸಾರ್ವಜನಿಕರಿಂದ ದುಡ್ಡು ವಸೂಲಿ ಮಾಡುವ ಅಂಗಡಿ ತೆರೆದವರಿಗೂ ಅದೇ ಮರೆ ಸಿಗುತ್ತಿದೆಯಲ್ಲ, ಅದಕ್ಕೆ ಸಂಕಟ.

ಖಾಲಿ ಪುಟದ ಡಾಟ್ ಇನ್ ನಿಜಕ್ಕೂ ಖಾಲಿಯಿರಲಿಲ್ಲ. ಅದರ ಡಿಎನ್‌ಎಸ್ ದಾಖಲೆಯಲ್ಲಿ ಎಂಎಕ್ಸ್ ನಮೂದು ಇದೆ, ಅಂದರೆ ಆ ವಿಳಾಸಕ್ಕೆ ಬರುವ ಇಮೇಲ್ ಪಡೆಯಲು ಎಲ್ಲ ತಯಾರಿ ಆಗಿದೆ. ಹಿರಿಯೂರಿನವರಿಗೆ ಬಂದ ಪತ್ರಗಳೆಲ್ಲ ಹೊರಟಿದ್ದು ಅಲ್ಲಿಂದಲೇ. ಜಾಲತಾಣವೇ ಇಲ್ಲದೆ ಹೆಸರೊಂದನ್ನು ಸುಮ್ಮನೆ ಇಟ್ಟುಕೊಂಡಿದ್ದರೂ ಅದು ದುರುದ್ದೇಶದ ಬಳಕೆ ಆಗಬಹುದೆಂದು 2000ದಲ್ಲೇ ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಇವತ್ತಿಗೂ ನಾವೆಲ್ಲ ಅದನ್ನೇ ಆಧರಿಸುತ್ತೇವೆ.

21 ಅಕ್ಟೋಬರ್, ಸೋಮವಾರ

ಮೈಸೂರಿಗೆ ಫೋನ್‌ನಲ್ಲಿ ದಾರಿಗಳನ್ನು ವಿವರಿಸಿದೆ. ಕೋರ್ಟಿಗೆ ಹೋಗಬಹುದು. ಪರಿಹಾರ, ತಡೆಯಾಜ್ಞೆ ಎಲ್ಲವನ್ನೂ ಅಲ್ಲಿ ಕೇಳಬಹುದು, ಆದರೆ ಎದುರಾಳಿ ಯಾರು, ಯಾವ ದೇಶದಲ್ಲಿ ಕೂತಿದ್ದಾರೆ ಎಂಬುದು ಗೊತ್ತಿಲ್ಲ. ಇನ್ನೊಂದು ದಾರಿ ಯುಡಿಆರ್‌ಪಿ. ಅಂತರ್ಜಾಲದ ಹೆಸರುಗಳ ಮೇಲ್ವಿಚಾರಣೆ ಮಾಡುವ ಐಕ್ಯಾನ್ 1999ರಲ್ಲಿ ಒಪ್ಪಿದ ವಿವಾದ ನಿಯಮ ಅದು. ಡಾಟ್ ಕಾಂ ಕೊಳ್ಳುವ ಪ್ರತಿಯೊಬ್ಬರೂ ಕೊಳ್ಳುವಾಗಲೇ ಈ ನಿಯಮಕ್ಕೆ ಸಹಿ ಹಾಕಿರುತ್ತಾರೆ, ಓದದೆಯೇ ಹಾಕಿರುತ್ತಾರೆ. ಆ ಸಹಿಯ ಬಲದಿಂದಲೇ ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋ ನೇಮಿಸಿದ ನಿರ್ಣಾಯಕರು ಜಗತ್ತಿನ ಯಾವ ಮೂಲೆಯವರ ಕೈಯಿಂದಲೂ ಹೆಸರನ್ನು ವರ್ಗಾಯಿಸಬಲ್ಲರು.

ರುಜುವಾತು ಮಾಡಬೇಕಾದ್ದು ಮೂರು ಸಂಗತಿ. ಆ ವಿಳಾಸ ನಮ್ಮ ಟ್ರೇಡ್‌ಮಾರ್ಕನ್ನೇ ಹೋಲುತ್ತದೆ ಅಥವಾ ಗೊಂದಲ ಹುಟ್ಟಿಸುವಷ್ಟು ಹತ್ತಿರವಿದೆ. ಹಿಡಿದಿಟ್ಟುಕೊಂಡವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಾಗಲಿ ಹಿತಾಸಕ್ತಿಯಾಗಲಿ ಇಲ್ಲ. ಮತ್ತು ಅದನ್ನು ನೋಂದಾಯಿಸಿದ್ದೂ ದುರುದ್ದೇಶದಿಂದ, ಬಳಸುತ್ತಿರುವುದೂ ದುರುದ್ದೇಶದಿಂದ. ಈ ಕೊನೆಯದರಲ್ಲಿ ‘ಎರಡೂ’ ಇರಬೇಕು, ಅನೇಕ ದೂರುಗಳು ಬೀಳುವುದು ಇಲ್ಲೇ. ಡಾಟ್ ಇನ್‌ಗೆ ಬೇರೆ ನಿಯಮ, ಬೇರೆ ಮನೆ. ಅದನ್ನು ನೋಡಿಕೊಳ್ಳುವ ದೆಹಲಿಯ ನಿಕ್ಸಿಗೆ ದೂರು ಕೊಡಬೇಕು, 1996ರ ಮಧ್ಯಸ್ಥಿಕೆ ಕಾಯಿದೆಯಡಿ ಒಬ್ಬ ಮಧ್ಯಸ್ಥರು ತೀರ್ಪು ಕೊಡುತ್ತಾರೆ. ಅಲ್ಲಿ ನೋಂದಣಿ, ಬಳಕೆ ಎರಡರಲ್ಲಿ ಒಂದು ಕೆಟ್ಟ ಉದ್ದೇಶದ್ದಾದರೂ ಸಾಕು.

ಖರ್ಚು ಹೇಳಿದೆ. ವೈಪೋದಲ್ಲಿ ಒಬ್ಬರೇ ನಿರ್ಣಾಯಕರಾದರೆ, ಐದು ವಿಳಾಸಗಳವರೆಗೆ 1,500 ಡಾಲರ್. ಇವತ್ತಿನ ದರದಲ್ಲಿ ಸುಮಾರು ಒಂದೂಕಾಲು ಲಕ್ಷ ರೂಪಾಯಿ. ಮೂವರ ಪೀಠ ಬೇಕೆಂದರೆ 4,000 ಡಾಲರ್. ಗೆದ್ದರೂ ಶುಲ್ಕ ವಾಪಸ್ ಬರುವುದಿಲ್ಲ, ನಷ್ಟ ಪರಿಹಾರವೂ ಇಲ್ಲ. ಸಿಗುವುದು ಒಂದೋ ಹೆಸರಿನ ವರ್ಗಾವಣೆ, ಇಲ್ಲವೇ ರದ್ದತಿ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಮೂರು ತಲೆಮಾರಿನಿಂದ ನಮ್ಮದಾಗಿರೋ ಹೆಸರನ್ನ ನಾವೇ ದುಡ್ಡು ಕೊಟ್ಟು ಬಿಡಿಸ್ಕೋಬೇಕಾ?’ ಎಂದರು. ಹೌದು ಎಂದೆ. ಬೇರೆ ಏನು ಹೇಳಲಿ. ದೂರು ಹಾಕಲು ಒಪ್ಪಿದರು.

25 ಅಕ್ಟೋಬರ್, ಶುಕ್ರವಾರ

ಎಲ್ಲೆಲ್ಲೂ ಜಿಯೋಹಾಟ್‌ಸ್ಟಾರ್ ಮಾತು. ದೆಹಲಿಯ ಯುವ ತಂತ್ರಜ್ಞರೊಬ್ಬರು ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಬಹುದೆಂದು ಊಹಿಸಿ, ಎರಡೂ ಹೆಸರು ಜೋಡಿಸಿದ ಡಾಟ್ ಕಾಂ ವಿಳಾಸವನ್ನು 2023ರಲ್ಲೇ ತೆಗೆದುಕೊಂಡಿದ್ದರಂತೆ. ಈಗ ಅದೇ ಪುಟದಲ್ಲಿ ಬಹಿರಂಗ ಪತ್ರ ಹಾಕಿ, ಕೇಂಬ್ರಿಜ್‌ನಲ್ಲಿ ಓದುವ ಖರ್ಚು ಕೊಟ್ಟರೆ ಹೆಸರು ಬಿಟ್ಟುಕೊಡುವೆ ಎಂದಿದ್ದಾರೆ. ಕಚೇರಿಯ ಊಟದ ಹೊತ್ತಿನಲ್ಲಿ ಹುಡುಗರೆಲ್ಲ ಅವರ ಪರ. ದೊಡ್ಡ ಕಂಪನಿಗೆ ಅದೆಷ್ಟರ ಹಣ, ಕೊಟ್ಟುಬಿಡಲಿ ಎಂದು ವಾದ.

ನನಗೆ ಹಾಗೆ ಕಾಣುವುದಿಲ್ಲ. ಆ ಯುವಕರು ಯಾರಿಗೂ ಮೋಸ ಮಾಡಿಲ್ಲ, ಯಾರಿಂದಲೂ ಠೇವಣಿ ಕಟ್ಟಿಸಿಕೊಂಡಿಲ್ಲ. ಮನಸ್ಸು ಬಿಚ್ಚಿ ತಮ್ಮ ಕನಸು ಹೇಳಿಕೊಂಡಿದ್ದಾರೆ, ಅದರ ಬಗ್ಗೆ ಕನಿಕರವಿದೆ. ಆದರೂ ಇನ್ನೊಬ್ಬರ ಹೆಸರನ್ನು ಅವರಿಗೇ ಮಾರುವ ಸಲುವಾಗಿ ತೆಗೆದಿಡುವುದು ಯುಡಿಆರ್‌ಪಿಯಲ್ಲಿ ದುರುದ್ದೇಶದ ಮೊದಲನೆಯ ಉದಾಹರಣೆ. ಈ ನಿಯಮದಡಿ ಬಂದ ಮೊಟ್ಟಮೊದಲ ಪ್ರಕರಣವೇ ಅಂಥದ್ದು. ವರ್ಲ್ಡ್ ರೆಸ್ಲಿಂಗ್ ಫೆಡರೇಷನ್‌ನ ಪೂರ್ತಿ ಹೆಸರಿನ ಡಾಟ್ ಕಾಂ ಅನ್ನು ಕ್ಯಾಲಿಫೋರ್ನಿಯಾದ ಒಬ್ಬರು ಕೊಂಡು, ಮೂರೇ ದಿನಕ್ಕೆ ಸಂಸ್ಥೆಗೆ ಪತ್ರ ಬರೆದು 1,000 ಡಾಲರ್ ಕೇಳಿದ್ದರು. 1999ರ ಡಿಸೆಂಬರ್‌ನಲ್ಲಿ ದೂರು, 2000ದ ಜನವರಿ 14ಕ್ಕೆ ತೀರ್ಮಾನ. ಅದಕ್ಕೂ ಮೊದಲು ಅಮೆರಿಕದಲ್ಲಿ ಪ್ಯಾನಾವಿಷನ್ ಕ್ಯಾಮೆರಾ ಕಂಪನಿಯ ಹೆಸರು ಹಿಡಿದಿಟ್ಟ ಒಬ್ಬಾತ 13,000 ಡಾಲರ್ ಕೇಳಿದ್ದ. ಪುಟದಲ್ಲಿ ಇಲಿನಾಯ್‌ನ ಪಾನಾ ಎಂಬ ಊರಿನ ಚಿತ್ರಗಳನ್ನು ಹಾಕಿ, ಇದು ಆ ಊರಿನ ತಾಣ ಎಂದು ತೋರಿಸಿದ್ದ. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ನಮ್ಮಲ್ಲೂ ತಡವೇನೂ ಆಗಿರಲಿಲ್ಲ. ತನಿಷ್ಕ್ ಹೆಸರಿಗಾಗಿ ಟೈಟನ್ 1998ರಲ್ಲೇ ದೆಹಲಿ ಹೈಕೋರ್ಟಿಗೆ ಹೋಗಿತ್ತು. ಮರುವರ್ಷ ಅದೇ ಕೋರ್ಟಿನಲ್ಲಿ ಯಾಹೂ ಕಂಪನಿಗೆ ‘ಯಾಹೂಇಂಡಿಯಾ’ ವಿರುದ್ಧ ತಡೆಯಾಜ್ಞೆ ಸಿಕ್ಕಿತು. ಅಂತರ್ಜಾಲ ಬಳಸುವವರು ತಿಳಿದವರು, ಗೊಂದಲಕ್ಕೆ ಬೀಳುವುದಿಲ್ಲ ಎಂಬ ಎದುರು ವಾದ ಅಂದು ನಿಲ್ಲಲಿಲ್ಲ. ಇಂದು ಪ್ರತಿ ಕೈಯಲ್ಲೂ ಫೋನ್ ಇರುವಾಗ ಆ ವಾದ ಎತ್ತಲೂ ಆಗದು.

28 ಅಕ್ಟೋಬರ್, ಸೋಮವಾರ

ವೈಪೋಗೆ ಡಾಟ್ ಕಾಂ ದೂರು ಹೋಯಿತು. ಎಲ್ಲ ಇಮೇಲ್‌ನಲ್ಲೇ, ಕಾಗದವಿಲ್ಲ. ನಿಕ್ಸಿಯ ದೂರು ಹಬ್ಬದ ನಂತರ.

1 ನವೆಂಬರ್, ಶುಕ್ರವಾರ

ರಾಜ್ಯೋತ್ಸವವೂ ದೀಪಾವಳಿಯೂ ಒಟ್ಟಿಗೆ. ರಸ್ತೆ ಕೊನೆಯ ಕಂಬದಲ್ಲಿ ಧ್ವಜ ಏರಿಸಿ ಬಂದ ಮೇಲೆ ತಂಗಿಯ ಮಗ ಕೇಳಿದ: ಕನ್ನಡದಲ್ಲೇ ಜಾಲವಿಳಾಸ ಸಿಗುತ್ತಾ? ಸಿಗುತ್ತದೆ. ಕನ್ನಡ ಲಿಪಿಯ ‘.ಭಾರತ’ ಇದೆ, ಅದನ್ನೂ ನಿಕ್ಸಿಯೇ ನೋಡಿಕೊಳ್ಳುತ್ತದೆ. ಬಳಸುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಅವನಿಗೆ ಹೇಳುತ್ತ ನನಗೇ ಒಂದು ಆತಂಕ ಸ್ಪಷ್ಟವಾಯಿತು. ರೋಮನ್‌ನ ‘ಎ’ ಅಕ್ಷರದ ಜಾಗದಲ್ಲಿ ರಷ್ಯನ್ ಲಿಪಿಯ ಅದೇ ಆಕಾರದ ಅಕ್ಷರ ಕೂರಿಸಿ ಮೋಸ ಮಾಡುವುದು ಹಳೆಯ ತಂತ್ರ. ನಮ್ಮ ಪಕ್ಕದಲ್ಲೇ ತೆಲುಗು ಇದೆ. ಗ, ಬ, ರ, ಲ ಎರಡು ಲಿಪಿಗಳಲ್ಲೂ ಹೆಚ್ಚುಕಡಿಮೆ ಒಂದೇ. ತಲೆಕಟ್ಟಿನ ಸಣ್ಣ ಬಾಗು ಬಿಟ್ಟರೆ ಫೋನಿನ ಪರದೆಯಲ್ಲಿ ಯಾವ ಕಣ್ಣಿಗೂ ವ್ಯತ್ಯಾಸ ಕಾಣದು, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಐಕ್ಯಾನ್‌ಗಾಗಿ ಕೆಲಸ ಮಾಡಿದ ನವ-ಬ್ರಾಹ್ಮಿ ತಂಡದ ವಿದ್ವಾಂಸರು ಇದನ್ನು ಮೊದಲೇ ಗಮನಿಸಿ, ಡಾಟ್‌ನ ಬಲಗಡೆ ಬರುವ ಹೆಸರುಗಳ ನಿಯಮದಲ್ಲಿ ಕನ್ನಡ–ತೆಲುಗು ಸಮರೂಪಗಳನ್ನು ಪಟ್ಟಿ ಮಾಡಿದ್ದಾರೆ. ಡಾಟ್‌ನ ಎಡಗಡೆ ಬರುವ ಹೆಸರುಗಳಲ್ಲಿ, ಅಂದರೆ ನಮ್ಮ ಅಂಗಡಿ, ಬ್ಯಾಂಕು, ಮಠ, ಶಾಲೆಗಳ ಹೆಸರುಗಳಲ್ಲಿ, ಅಷ್ಟೇ ಎಚ್ಚರ ಬೇಕು. ಕನ್ನಡದ ಜಾಲವಿಳಾಸ ಬೆಳೆಯಲಿ ಎಂದು ಮನಸಾರೆ ಬಯಸುವ ಎಲ್ಲರೂ ಇದನ್ನು ಈಗಲೇ ಯೋಚಿಸಬೇಕು.

4 ನವೆಂಬರ್, ಸೋಮವಾರ

ವೈಪೋ ಕೇಳಿದ ಮೇಲೆ ರಿಜಿಸ್ಟ್ರಾರ್ ಕಂಪನಿ ಪರದೆ ಸರಿಸಿದೆ. ದೂರು ಸಿಕ್ಕ ಕೂಡಲೇ ಹೆಸರನ್ನು ಬೇರೆಯವರಿಗೆ ಮಾರದಂತೆ ಬೀಗ ಹಾಕುತ್ತಾರೆ, ನೋಂದಾಯಿಸಿದವರ ವಿವರ ಕೊಡುತ್ತಾರೆ, ನಾವು ಐದು ದಿನದೊಳಗೆ ದೂರನ್ನು ತಿದ್ದಿ ಕಳಿಸಬೇಕು.

ವಿವರ ಬಂತು. ಅತಿ ಸಾಮಾನ್ಯವಾದ ಒಂದು ಹೆಸರು, ಉತ್ತರದ ಒಂದು ನಗರ. ಬೀದಿಯ ಜಾಗದಲ್ಲಿ ಬರೀ ನಗರದ ಹೆಸರು ಮತ್ತೊಮ್ಮೆ. ಪಿನ್‌ಕೋಡ್ ನೋಡಿದರೆ ಅದು ಬೇರೊಂದು ರಾಜ್ಯದ್ದು. ಫೋನ್ ಸಂಖ್ಯೆಯಲ್ಲಿ ಒಂದೇ ಅಂಕಿ ಸಾಲಾಗಿ ಇದೆ. ಇದನ್ನು ಸ್ವೀಕರಿಸಿ ಹಣ ಪಡೆದು ಹೆಸರು ಮಾರಿದ ವ್ಯವಸ್ಥೆಯ ಮೇಲೆ ಸಿಟ್ಟು ಬರದೆ ಇರುವುದು ಹೇಗೆ?

ದೆಹಲಿ ಹೈಕೋರ್ಟಿನಲ್ಲಿ ಇಂಥ ಮುಖವಿಲ್ಲದ ಪ್ರತಿವಾದಿಯನ್ನು ‘ಅಶೋಕ್ ಕುಮಾರ್’ ಎಂದು ಕರೆಯುವುದು ರೂಢಿ. ಆ ಹೆಸರಿನ ಮೇಲೆ ಎಷ್ಟೋ ಆದೇಶಗಳಿವೆ. ಅಮುಲ್‌ನ ಹೆಸರಿನಲ್ಲಿ ಫ್ರಾಂಚೈಸಿ ಕೊಡುವುದಾಗಿ ಜನರಿಂದ ಹಣ ಕಿತ್ತ ತಾಣಗಳ ವಿರುದ್ಧ ಗುಜರಾತಿನ ಹಾಲು ಒಕ್ಕೂಟ 2020ರಲ್ಲಿ ಅಲ್ಲಿಗೇ ಹೋಗಿ ತಡೆಯಾಜ್ಞೆ ಪಡೆಯಿತು. ಮೋಸದ ಮಾದರಿ ನಮ್ಮ ಮೈಸೂರಿನದರಂತೆಯೇ. ಒಕ್ಕೂಟದಷ್ಟು ಬಲ ಅಗರಬತ್ತಿಯವರಿಗಿಲ್ಲ, ಅಷ್ಟೇ.

6 ನವೆಂಬರ್, ಬುಧವಾರ

ನಿಕ್ಸಿಯ ದೂರಿಗಾಗಿ ಸಿಫಿ ತೀರ್ಪನ್ನು ಮತ್ತೆ ಓದಿದೆ. ಎಷ್ಟು ಸಲ ಓದಿದರೂ ಬೆಂಗಳೂರಿನವರಾದ ನಮಗೆ ಅದು ಮನೆಯ ಪ್ರಕರಣ. ಸತ್ಯಂ ಇನ್ಫೋವೇ ತನ್ನ ಹೆಸರಿನ ತುಣುಕುಗಳಿಂದ ‘ಸಿಫಿ’ ಎಂಬ ಹೊಸ ಪದ ಕಟ್ಟಿ, 1999ರಲ್ಲಿ ಆ ಹೆಸರಿನ ವಿಳಾಸಗಳನ್ನು ನೋಂದಾಯಿಸಿತು. 2001ರಲ್ಲಿ ಇನ್ನೊಂದು ಕಂಪನಿ ಒಂದು ‘ಎಫ್’ ಹೆಚ್ಚಿಗೆ ಸೇರಿಸಿ ‘ಸಿಫ್ಫಿನೆಟ್’ ಎಂದು ಶುರು ಮಾಡಿತು. ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರ ಸೇರಿ ಆ ಪದ ಆಯಿತು ಎಂಬುದು ಅವರ ವಿವರಣೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು, ಎರಡೂ ಕಂಪನಿಗಳ ವ್ಯವಹಾರವೇ ಬೇರೆ, ಜನ ಗೊಂದಲಕ್ಕೆ ಬೀಳರು ಎಂದಿತು. 2004ರ ಮೇ 6ರಂದು ನ್ಯಾಯಮೂರ್ತಿ ರುಮಾ ಪಾಲ್ ಮತ್ತು ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿ ಅವರ ಸುಪ್ರೀಂ ಕೋರ್ಟ್ ಪೀಠ ಸಿವಿಲ್ ಕೋರ್ಟಿನ ಆದೇಶವನ್ನೇ ಎತ್ತಿಹಿಡಿಯಿತು. ಮೊದಲಕ್ಷರಗಳ ಕಥೆ ಪೀಠಕ್ಕೆ ನಂಬಿಕೆ ಹುಟ್ಟಿಸಲಿಲ್ಲ.

ಆ ತೀರ್ಪಿನ ಕಾಣ್ಕೆ ನನಗೆ ಮುಖ್ಯ. ಡೊಮೇನ್ ಎಂಬುದು ಬರೀ ವಿಳಾಸವಲ್ಲ, ಅದರಿಂದಲೇ ಜನ ವ್ಯಾಪಾರವನ್ನು ಗುರುತಿಸುತ್ತಾರೆ ಎಂದು ಕೋರ್ಟ್ ಒಪ್ಪಿತು. ಡೊಮೇನ್ ವಿವಾದಗಳಿಗೆಂದೇ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ ಎಂದೂ ಗುರುತಿಸಿತು, ತನ್ನ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದರ ವಿರುದ್ಧ ಇರುವ ಹಳೆಯ ನ್ಯಾಯತತ್ವದಿಂದಲೇ ರಕ್ಷಣೆ ಕೊಟ್ಟಿತು. ಮರುವರ್ಷ, 2005ರಲ್ಲಿ, ಡಾಟ್ ಇನ್ ಎಲ್ಲರಿಗೂ ತೆರೆಯಿತು, ಅದರ ಜತೆಗೇ ನಿಕ್ಸಿಯ ವಿವಾದ ನಿಯಮವೂ ಬಂತು. ಕಾಯಿದೆ ಮಾತ್ರ ಇವತ್ತಿಗೂ ಬಂದಿಲ್ಲ. ಅಮೆರಿಕ 1999ರಲ್ಲೇ ಇದಕ್ಕೊಂದು ಶಾಸನ ಮಾಡಿ, ಒಂದೊಂದು ಹೆಸರಿಗೆ 1,000ದಿಂದ 1,00,000 ಡಾಲರ್‌ವರೆಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟಿತು.

21 ನವೆಂಬರ್, ಗುರುವಾರ

ಇವತ್ತು ಒಂದು ಕಕ್ಷಿಯನ್ನು ವಾಪಸ್ ಕಳಿಸಿದೆ.

ದೊಡ್ಡ ಹೂಡಿಕೆ ಇರುವ ಹೊಸ ಕಂಪನಿ. ತಮ್ಮ ಬ್ರ್ಯಾಂಡಿನ ಹೆಸರಿಗೆ ಮೂರು ವರ್ಷದ ಹಿಂದೆ ಟ್ರೇಡ್‌ಮಾರ್ಕ್ ಪಡೆದಿದ್ದಾರೆ. ಅದೇ ಹೆಸರಿನ ಡಾಟ್ ಕಾಂ ನಿವೃತ್ತ ಮೇಷ್ಟರೊಬ್ಬರ ಬಳಿ ಇದೆ. ಅದು ಅವರ ಮೊಮ್ಮಗಳ ಹೆಸರು, ಹದಿನೈದು ವರ್ಷದಿಂದ ಅದರಲ್ಲಿ ಮಕ್ಕಳಿಗಾಗಿ ಗಣಿತದ ಪಾಠ ಹಾಕುತ್ತ ಬಂದಿದ್ದಾರೆ. ಕಂಪನಿಯವರು ಕೊಂಡುಕೊಳ್ಳಲು ಕೇಳಿದರು, ಮೇಷ್ಟರು ಒಲ್ಲೆ ಎಂದರು. ‘ಯುಡಿಆರ್‌ಪಿ ಹಾಕಿ, ಅವರು ವಕೀಲರನ್ನ ಇಡೋದಿಲ್ಲ, ಹೆದರಿ ಬಿಟ್ಟುಕೊಡ್ತಾರೆ’ ಎಂಬುದು ಇವರ ಲೆಕ್ಕ.

ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ನೋಂದಾಯಿಸಿದ ಹೆಸರನ್ನು ದುರುದ್ದೇಶದ ನೋಂದಣಿ ಎನ್ನುವುದು ಹೇಗೆ? ಇಲ್ಲದ ಗುರುತನ್ನು ಯಾರೂ ಕದಿಯಲಾರರು. ಇಂಥ ದೂರಿಗೆ ನಿಯಮದಲ್ಲೇ ಹೆಸರಿದೆ, ಹೆಸರಿನ ಹಿಮ್ಮುಖ ಅಪಹರಣ. ನಿರ್ಣಾಯಕರು ಅದನ್ನು ತೀರ್ಪಿನಲ್ಲಿ ಬರೆಯಬಹುದು. ಅದಕ್ಕೆ ದಂಡವಿಲ್ಲ, ಎದುರು ಪಕ್ಷದ ಖರ್ಚು ಕೊಡಬೇಕಿಲ್ಲ. ಈ ನಿಯಮದ ದೊಡ್ಡ ಕೊರತೆ ಇದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುಳ್ಳು ದೂರು ಹಾಕಿ ಸೋತವರಿಂದ ಎದುರಿನವರ ವಕೀಲರ ಶುಲ್ಕವನ್ನಾದರೂ ಕೊಡಿಸಬೇಕು.

ಅವರಿಗೆ ಉಜಿ ನಿಸಾನ್ ಅವರ ಕಥೆ ಹೇಳಿದೆ. ನಾರ್ತ್ ಕೆರೊಲಿನಾದ ಕಂಪ್ಯೂಟರ್ ವ್ಯಾಪಾರಿ, ನಿಸಾನ್ ಎಂಬುದು ಅವರ ಮನೆತನದ ಹೆಸರು. 1994ರಲ್ಲಿ ನಿಸಾನ್ ಡಾಟ್ ಕಾಂ ತೆಗೆದುಕೊಂಡರು. ಐದು ವರ್ಷ ಬಿಟ್ಟು ಕಾರು ಕಂಪನಿ ಒಂದು ಕೋಟಿ ಡಾಲರ್ ಕೇಳಿ ದಾವೆ ಹೂಡಿತು. ಕಾರಿನ ಜಾಹೀರಾತು ಹಾಕಬಾರದು ಎಂಬ ಮಿತಿ ಬಿತ್ತು, ಹೆಸರು ಅವರಲ್ಲೇ ಉಳಿಯಿತು. ಉಳಿಸಿಕೊಳ್ಳಲು ವರ್ಷಗಟ್ಟಲೆ ಕೋರ್ಟು ಅಲೆದರು. 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಬಾರ್ಸಿಲೋನಾ ಡಾಟ್ ಕಾಂನದೂ ಹೇಳಿದೆ: ನಿರ್ಣಾಯಕರು ಅದನ್ನು ನಗರಸಭೆಗೆ ಕೊಟ್ಟರು, 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ತಿರುಗಿಸಿತು. ಊರಿನ ಹೆಸರು ಯಾರೊಬ್ಬರ ಸೊತ್ತೂ ಅಲ್ಲ.

ಎರಡು ಕಡೆಯವರಿಗೂ ನ್ಯಾಯವಾದ ಹಕ್ಕಿರುವ ಹೆಸರುಗಳು ನಮ್ಮ ಕಣ್ಣೆದುರೇ ಇವೆ. ಕೆಎಸ್ಆರ್‌ಟಿಸಿ ಎಂಬ ಐದು ಅಕ್ಷರ ಕರ್ನಾಟಕದ ಬಸ್ಸಿನ ಮೇಲೂ ಇದೆ, ಕೇರಳದ ಬಸ್ಸಿನ ಮೇಲೂ ಇದೆ. ವಿವಾದ ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ, 2023ರ ಡಿಸೆಂಬರ್‌ನಲ್ಲಿ ಕೇರಳದ ಅರ್ಜಿ ವಜಾ ಆಯಿತು. ಕಳ್ಳರಿಲ್ಲದ ಜಗಳ ಅದು. ಅಂಥದ್ದನ್ನು ಬಗೆಹರಿಸಲು ಯುಡಿಆರ್‌ಪಿ ಹುಟ್ಟಿಲ್ಲ. ಅದು ಹುಟ್ಟಿದ್ದು ಎದ್ದುಕಾಣುವ ದುರುಪಯೋಗಕ್ಕೆ ಮಾತ್ರ.

ಕಂಪನಿಯವರು ಬೇರೆ ವಕೀಲರನ್ನು ನೋಡುತ್ತೇವೆ ಎಂದು ಎದ್ದರು. ನೋಡಲಿ. ಮೇಷ್ಟರು ಹೆದರದಿರಲಿ ಎಂದು ಆಶಿಸುತ್ತೇನೆ.

25 ನವೆಂಬರ್, ಸೋಮವಾರ

ಬಸವನಗುಡಿಯಲ್ಲಿ ಪರಿಷೆ, ಕಚೇರಿ ಅರ್ಧ ಖಾಲಿ. ಹಿರಿಯೂರಿನವರು ಫೋನ್ ಮಾಡಿದ್ದರು. ಅವರ ಹೇಳಿಕೆಯನ್ನು ಪ್ರಮಾಣಪತ್ರವಾಗಿ ಲಗತ್ತಿಸಿದ್ದೆವಲ್ಲ, ಅದರಿಂದ ತಮ್ಮ ಹಣ ಬರುತ್ತದೆ ಎಂದುಕೊಂಡಿದ್ದಾರೆ. ಈ ಪ್ರಕರಣದಲ್ಲಿ ಅದಕ್ಕೆ ದಾರಿಯೇ ಇಲ್ಲ ಎಂದು ಬಿಡಿಸಿ ಹೇಳಿದೆ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದರು, ಆದರೆ ಕೊನೆಯ ಕಂತು ಕಟ್ಟಿ ವಾರಗಳಾದ ಮೇಲೆ. ಅಷ್ಟರಲ್ಲಿ ಖಾತೆ ಬರಿದಾಗಿತ್ತು. ಹೆಂಡತಿಯ ಬಳೆ ಅಡವಿಟ್ಟು ತಂದ ಹಣ. ಅವರು ಕೂಗಾಡಲಿಲ್ಲ, ‘ಸರಿ ಬಿಡಿ, ನಿಮಗಾದ್ರೂ ಹೆಸರು ಸಿಗ್ಲಿ’ ಎಂದರು.

ಈ ಮಾತು ಕೇಳಿದ ಮೇಲೆ ಕೆಲಸ ಸಾಗಲಿಲ್ಲ. ದೂರಿನ ಕಾಗದದಲ್ಲಿ ಅವರು ನಮ್ಮ ಒಂದು ಲಗತ್ತು ಅಷ್ಟೇ.

29 ನವೆಂಬರ್, ಶುಕ್ರವಾರ

ಉತ್ತರ ಕೊಡಲು ಇದ್ದ 20 ದಿನ ನಿನ್ನೆಗೆ ಮುಗಿಯಿತು. ಆ ಕಡೆಯಿಂದ ಒಂದು ಸಾಲೂ ಇಲ್ಲ. ಕಿರಿಯ ಸಹೋದ್ಯೋಗಿ ಗೆದ್ದೆವು ಎಂದು ಕುಣಿದಳು. ಉತ್ತರ ಬಾರದಿದ್ದರೂ ಮೂರೂ ಅಂಶ ನಾವೇ ಸಾಬೀತು ಮಾಡಬೇಕು, ಸುಮ್ಮನಿದ್ದವರು ತಾವಾಗಿ ಸೋಲುವುದಿಲ್ಲ ಎಂದು ಹೇಳಿದೆ. ಹಾಗಿರುವುದೇ ಸರಿ. ನೋಟಿಸ್ ಕೈಸೇರದ ಬಡಪಾಯಿಗೂ ಅದೇ ರಕ್ಷಣೆ.

2023ರಲ್ಲಿ ವೈಪೋಗೆ ಬಂದ ಇಂಥ ದೂರುಗಳು 6,192. ಒಂದು ವರ್ಷದಲ್ಲಿ ಅಷ್ಟು ಹಿಂದೆಂದೂ ಬಂದಿರಲಿಲ್ಲ.

24 ಡಿಸೆಂಬರ್, ಮಂಗಳವಾರ

ಜಿನೀವಾದಿಂದ ತೀರ್ಮಾನ ಬಂತು. ಡಾಟ್ ಕಾಂ ಸಂಸ್ಥೆಗೆ ವರ್ಗಾವಣೆ. ‘ಡೀಲರ್‌ಶಿಪ್’ ಸೇರಿಸಿದರೂ ಮುಖ್ಯ ಗುರುತು ಅವರ ಟ್ರೇಡ್‌ಮಾರ್ಕೇ ಎಂದಿದ್ದಾರೆ. ಸುಳ್ಳು ನೇಮಕಪತ್ರವೇ ದುರುದ್ದೇಶಕ್ಕೆ ಸಾಕಷ್ಟು ಆಧಾರವಾಗಿದೆ. ಮೈಸೂರಿಗೆ ಫೋನ್ ಮಾಡಿದೆ. ಇನ್ನು ಹತ್ತು ಕೆಲಸದ ದಿನ ಕಾಯಬೇಕು, ಅಷ್ಟರಲ್ಲಿ ಎದುರಿನವರು ಕೋರ್ಟಿಗೆ ಹೋಗದಿದ್ದರೆ ವರ್ಗಾವಣೆ ನಡೆಯುತ್ತದೆ.

28 ಜನವರಿ 2025, ಮಂಗಳವಾರ

ಡಾಟ್ ಕಾಂ ಈ ತಿಂಗಳ ಎರಡನೆಯ ವಾರವೇ ಕೈಸೇರಿತ್ತು. ಇವತ್ತು ಮಧ್ಯಸ್ಥರ ತೀರ್ಪಿನೊಂದಿಗೆ ಡಾಟ್ ಇನ್ ಕೂಡ.

ಇವತ್ತೇ ಡಾಟ್ ಕಾಂನಂಥ ಸಾಮಾನ್ಯ ವಲಯಗಳಲ್ಲಿ ಹಳೆಯ ಹೂಈಸ್ ಸೇವೆಯ ಕಡ್ಡಾಯ ಮುಗಿದು ಆರ್‌ಡಿಎಪಿ ಅಧಿಕೃತವಾಯಿತು. ಪ್ರಶ್ನೆ ಕೇಳುವ ವಿಧಾನ ಹೊಸದು, ಪರದೆ ಅದೇ. ಐರೋಪ್ಯ ಒಕ್ಕೂಟ 2022ರ ತನ್ನ ಸೈಬರ್ ಸುರಕ್ಷತಾ ನಿರ್ದೇಶನದಲ್ಲಿ ಹೆಸರು ಕೊಳ್ಳುವವರ ಮಾಹಿತಿಯನ್ನು ಪರಿಶೀಲಿಸಬೇಕು ಎಂದು ವಿಧಿಸಿದೆ. ದಾರಿ ಅದು. ಖಾಸಗಿತನ ಉಳಿಯಲಿ, ಆದರೆ ಮಾರುವವರಿಗಾದರೂ ತಾವು ಯಾರಿಗೆ ಮಾರಿದೆವು ಎಂಬುದು ಗೊತ್ತಿರಲಿ. 2022ರಲ್ಲಿ ಸ್ನ್ಯಾಪ್‌ಡೀಲ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಮುಂದೆಂದೋ ನೋಂದಾವಣೆ ಆಗಬಹುದಾದ ಎಲ್ಲ ಹೆಸರುಗಳಿಗೂ ಈಗಲೇ ತಡೆ ಕೊಡಲಾಗದು ಎಂದಿತ್ತು. ಒಪ್ಪಬೇಕಾದ ಮಾತು. ಒಂದೊಂದೇ ಹೆಸರಿಗೆ ಒಂದೊಂದು ದೂರು ಹಾಕುತ್ತ ಹೋಗುವುದು ಬೆಂಕಿ ಬಿದ್ದ ಬಣವೆಗೆ ಚೊಂಬಿನಲ್ಲಿ ನೀರು ಹಾಕಿದಂತೆ. ತಡೆ ಮಾರಾಟದ ಬಾಗಿಲಲ್ಲೇ ಇರಬೇಕು.

14 ಫೆಬ್ರವರಿ, ಶುಕ್ರವಾರ

ಜಿಯೋಹಾಟ್‌ಸ್ಟಾರ್ ಇವತ್ತು ಆ ಹೆಸರಿನಲ್ಲೇ ಶುರುವಾಯಿತು. ದೆಹಲಿಯವರ ಕೈಯಿಂದ ದುಬೈನ ಇಬ್ಬರು ಮಕ್ಕಳ ಕೈಗೆ ಹೋಗಿದ್ದ ವಿಳಾಸವನ್ನು ಆ ಮಕ್ಕಳು ಹಣ ಬೇಡವೆಂದು ಬಿಟ್ಟುಕೊಡಲು ಮುಂದಾಗಿದ್ದರು.

ಮುಂದಿನ ವಾರ ತುಮಕೂರಿನಲ್ಲಿ ಸಣ್ಣ ಉದ್ಯಮಿಗಳ ಸಭೆ, ಮಾತಾಡಲು ಕರೆದಿದ್ದಾರೆ. ಹೇಳಬೇಕಾದ್ದನ್ನು ಇಲ್ಲೇ ಬರೆದಿಡುತ್ತೇನೆ. ಹೆಸರಿಡುವ ದಿನವೇ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿ, ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ, ಮನೆಯಿಂದಲೇ ಸಲ್ಲಿಸಬಹುದು. ಡಾಟ್ ಇನ್, ಡಾಟ್ ಕಾಂ ಎರಡನ್ನೂ ನಿಮ್ಮದೇ ಹೆಸರಿನಲ್ಲಿ ತೆಗೆದುಕೊಳ್ಳಿ, ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲಿ ಬಿಡಬೇಡಿ, ನವೀಕರಣದ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನೀವು ಆನ್‌ಲೈನ್‌ನಲ್ಲಿ ವಿತರಕರನ್ನು ನೇಮಿಸುವುದಿಲ್ಲವಾದರೆ ಅದನ್ನು ನಿಮ್ಮ ಪುಟದ ಮೊದಲ ಸಾಲಿನಲ್ಲೇ ಹಾಕಿ. ಯಾರಾದರೂ ಗೇಟಿಗೆ ಬಂದು ಮಾಲು ಕೇಳಿದರೆ ಅವರನ್ನು ಕೂರಿಸಿ ನೀರು ಕೊಟ್ಟು ಪೂರ್ತಿ ಕೇಳಿಸಿಕೊಳ್ಳಿ, ಮತ್ತು ಅಂದೇ 1930ಕ್ಕೆ ಫೋನ್ ಮಾಡಿಸಿ, ಏಕೆಂದರೆ ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯಲು ಸಿಗುವ ಹೊತ್ತು ಗಂಟೆಗಳ ಲೆಕ್ಕದ್ದು.

ಹಣ ಕಟ್ಟುವವರಿಗೂ ಒಂದು ಮಾತು: ಪುಟದಲ್ಲಿರುವ ಸಂಖ್ಯೆಗೆ ಫೋನ್ ಮಾಡಬೇಡಿ. ಪೊಟ್ಟಣದ ಮೇಲೆ ಅಚ್ಚಾಗಿರುವ ಸಂಖ್ಯೆಗೆ ಮಾಡಿ.

ಮೈಸೂರಿನವರು ಹಿರಿಯೂರಿನವರನ್ನು ನಿಜವಾದ ವಿತರಕರನ್ನಾಗಿ ತೆಗೆದುಕೊಂಡಿದ್ದಾರೆ, ಮೊದಲ ಮಾಲನ್ನು ಸಾಲದ ಮೇಲೆ ಕಳಿಸಿದ್ದಾರೆ. ಕಳೆದ 1,85,000 ರೂಪಾಯಿಯಲ್ಲಿ ಇವತ್ತಿನವರೆಗೆ ಏನೂ ವಾಪಸ್ ಬಂದಿಲ್ಲ.